ಕೊನೆಯ ಪ್ರಶ್ನೆಗೆ ನಾನು ‘ಹೌದು’ ಒತ್ತಲಿಲ್ಲ

ಫೋನು ಮೊದಲು ನನ್ನ ಮುಖದ ಫೋಟೋ ಕೇಳಿತು. ಆಮೇಲೆ ಆಧಾರ್ ನಂಬರ್ ಕೇಳಿತು. ಆಮೇಲೆ ಒಂದು ಓಟಿಪಿ ಬಂದಿದೆ, ಅದನ್ನು ಹಾಕಿ ಅಂದಿತು. ಅಲ್ಲಿಗೆ ನಾನು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಓಟಿಪಿ ಹೇಳಿ ಕೈ ಸುಟ್ಟುಕೊಂಡವರು ನಮ್ಮ ಓಣಿಯಲ್ಲೇ ಇಬ್ಬರಿದ್ದಾರೆ.

“ಪಾಠ ಕಲಸಾವ್ರಿಗೆ ನನ್ನ ಮಾರಿ ಯಾಕ ಬೇಕು?” ಅಂದೆ.

“ನೀನ ಕುಂತು ಕಲತಿ ಅಂತ ಅವ್ರಿಗೆ ಗೊತ್ತಾಗಬೇಕಲ್ಲ ಮಾವಶಿ,” ಅಂದಳು ನಮ್ಮ ಡೇರಿಯ ಅಧ್ಯಕ್ಷಿ.

“ನನಗ ಬರತೈತೋ ಇಲ್ಲೋ ಹಾಲ ಹಾಕಾವ್ರಿಗೆ ಗೊತ್ತೈತಿ. ಫೋನಿಗ್ಯಾಕ?”

ನಮ್ಮೂರು ಜುಗೂಳದಿಂದ ಹೊಳೆ ದಂಡೆ ಹಿಡಿದು ಹೋದರೆ ಸಿಗುತ್ತದೆ. ಅಲ್ಲಿ ಹೆಂಗಸರೇ ನಡೆಸುವ ಹಾಲಿನ ಡೇರಿ ಇದೆ, ಅದರಲ್ಲಿ ಹಾಲು ಪರೀಕ್ಷೆ ಮಾಡುವವಳು ನಾನು. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು. ಕನ್ನಡ ಅಕ್ಷರ ಕೂಡಿಸಿ ಓದುತ್ತೇನೆ. ತಡವಾಗುತ್ತದೆ, ಆದರೆ ಒಂದಕ್ಷರ ಬಿಡುವುದಿಲ್ಲ.

ಮೇಲಿನ ಆಫೀಸಿನಿಂದ ಹುಕುಂ ಬಂದಿತ್ತು: ಹಾಲಿನ ಪರೀಕ್ಷೆಗೆ ಆಸಿಡ್ ಮುಟ್ಟುವವರೆಲ್ಲ ಫೋನಿನಲ್ಲಿ ತರಬೇತಿ ಮುಗಿಸಬೇಕು. ರಾಸಾಯನಿಕ, ಪ್ಲಾಸ್ಟಿಕ್, ಪ್ರಯೋಗಾಲಯದ ಸುರಕ್ಷತೆ, ಎಲ್ಲ ಸೇರಿ ಎಂಟು ಪಾಠ. ಪ್ರತಿ ಪಾಠದ ಕೊನೆಗೆ ಪ್ರಶ್ನೆ. ಹದಿನೈದು ದಿನದೊಳಗೆ ಸರ್ಟಿಫಿಕೇಟ್ ಬರದಿದ್ದರೆ ಆಸಿಡ್ ಖೋಲಿಯ ಕೀಲಿ ಬೇರೆಯವರಿಗೆ ಕೊಡಬೇಕು.

ಆ ಬೇರೆಯವರು ಯಾರೆಂದು ನನಗೆ ಗೊತ್ತಿತ್ತು. ಅಧ್ಯಕ್ಷಿಯ ಸೊಸೆ ಬಿ.ಎಸ್ಸಿ. ಓದಿ ಮನೆಯಲ್ಲಿ ಕುಂತಿದ್ದಳು. ಈ ಹದಿನೈದು ದಿನದ ಗಡುವು ಯಾರ ತಲೆಯಲ್ಲಿ ಹುಟ್ಟಿತು ಅಂತ ನನಗೆ ಅವತ್ತೇ ಸಂಶಯ ಬಂತು. ಆ ಫೋನು ಡೇರಿಯದು, ನನ್ನ ಬ್ಯಾಂಕಿನ ಖಾತೆಗೆ ಅದಕ್ಕೆ ಸಂಬಂಧವಿಲ್ಲ ಅಂತ ಎರಡು ಸಲ ಖಾತ್ರಿ ಮಾಡಿಕೊಂಡ ಮೇಲೆ ಓಟಿಪಿ ಹಾಕಿದೆ.

ಹಾಲಿನ ರೇಟು ನಿಲ್ಲುವುದು ಫ್ಯಾಟ್, ಅಂದರೆ ಕೊಬ್ಬಿನ ಮೇಲೆ; ಈಗ ಎಲ್ಲ ಡೇರಿಗಳಲ್ಲೂ ಅದನ್ನು ನೋಡುವ ಮಷಿನ್ ಇದೆ. ನಮ್ಮಲ್ಲೂ ಇದೆ. ಹಾಲು ಇಟ್ಟರೆ ನಿಮಿಷದಲ್ಲಿ ಚೀಟಿ ಬರುತ್ತದೆ. ಆದರೆ ನಮ್ಮ ಹೆಂಗಸರು ಚೀಟಿಯನ್ನು ನಂಬುವುದಿಲ್ಲ. ಫ್ಯಾಟ್ ಒಂದು ಗೀಟು ಕಡಿಮೆ ಬಂದರೆ ಸಾಕು, ಸೆರಗು ಸೊಂಟಕ್ಕೆ ಸಿಕ್ಕಿಸಿ, “ಆಸಿಡ್ ಹಚ್ಚಬೇ, ನನ್ನ ಕಣ್ಣಮುಂದ ಹಚ್ಚು,” ಅನ್ನುತ್ತಾರೆ. ಹಂಗೆ ಕೇಳಿದವರಿಗೆ ಇಲ್ಲ ಅನ್ನಬಾರದು ಅಂತ ಡೇರಿ ತೆರೆದ ದಿನವೇ ಎಲ್ಲರೂ ಸೇರಿ ಮಾಡಿಕೊಂಡ ಕಟ್ಟಳೆ. ನನಗೂ ಅದೇ ಸರಿ ಅನ್ನಿಸುತ್ತದೆ. ಮಷಿನ್ ಒಳಗೆ ಏನು ಮಾಡುತ್ತದೆ ಯಾರು ಕಂಡಿದ್ದಾರೆ? ಆಸಿಡ್ ಮಾಡುವುದು ಗಾಜಿನಲ್ಲಿ ಕಾಣುತ್ತದೆ.

ಕೆಲಸ ಹೀಗೆ. ಕುತ್ತಿಗೆ ಸಣ್ಣಗಿರುವ, ಗೀಟು ಹಾಕಿದ ಗಾಜಿನ ನಳಿಗೆ ಇರುತ್ತದೆ. ಅದಕ್ಕೆ ಮೊದಲು ಹತ್ತು ಎಮ್ಮೆಲ್ ಆಸಿಡ್. ಅದರ ಮೇಲೆ ಅಳತೆಯ ಹಾಲು, ಗಾಜಿನ ಗೋಡೆಗೆ ತಾಗಿಸಿ ನಿಧಾನಕ್ಕೆ ಇಳಿಸಬೇಕು. ಧಪ್ಪನೆ ಸುರಿದರೆ ಮುಖಕ್ಕೇ ಬರುತ್ತದೆ. ಮೇಲೆ ಒಂದು ಎಮ್ಮೆಲ್ ಅಮೈಲ್ ಆಲ್ಕೋಹಾಲ್. ರಬ್ಬರ್ ಬೂಚು ಹಾಕಿ, ದಪ್ಪ ಬಟ್ಟೆ ಸುತ್ತಿ ಅಲುಗಾಡಿಸಬೇಕು. ಬಟ್ಟೆಯಿಲ್ಲದೆ ಹಿಡಿಯಲಾಗದಷ್ಟು ಕಾಯುತ್ತದೆ. ಆಮೇಲೆ ಕೈಯಿಂದ ತಿರುವುವ ಚಕ್ರದಲ್ಲಿ ಐದು ನಿಮಿಷ, ಬಿಸಿನೀರಿನಲ್ಲಿ ಐದು ನಿಮಿಷ. ಕೆಳಗೆ ಎಲ್ಲ ಕಾಫಿಯಂತೆ ಕರಗಿ, ಮೇಲೆ ತುಪ್ಪದ ಬಣ್ಣದ ಕಂಬ ನಿಲ್ಲುತ್ತದೆ. ಅದೇ ಫ್ಯಾಟ್. ಗೀಟು ಎಣಿಸಿದರೆ ಜಗಳ ಮುಗಿಯಿತು.

ಆದರೆ ತರಬೇತಿ ಸುರುವಾಗುವ ಮೊದಲಿನಿಂದಲೇ ಆ ಕಂಬ ನನಗೆ ಸಾಕುಸಾಕು ಮಾಡಿತ್ತು. ತುಪ್ಪದ ಬಣ್ಣ ಹೋಗಿ ಕಂದಾಗುತ್ತಿತ್ತು. ಕಂಬದ ಬುಡದಲ್ಲಿ ಕರೀ ಚುಕ್ಕಿ ಕೂಡುತ್ತಿದ್ದವು, ಒಗ್ಗರಣೆಯಲ್ಲಿ ಸಾಸಿವೆ ಸೀದಂತೆ. ಕಂಬ ಎಲ್ಲಿ ಸುರುವಾಗುತ್ತದೆ ಅಂತಲೇ ಹೇಳಲು ಬರುತ್ತಿರಲಿಲ್ಲ. ಎರಡೆಮ್ಮೆ ಕಟ್ಟಿದ ಒಬ್ಬಾಕೆ, ನಾಲಿಗೆ ಮೊದಲೇ ಹರಿತ, ನಳಿಗೆಯನ್ನು ಬೆಳಕಿಗೆ ಹಿಡಿದು ಎಲ್ಲರಿಗೂ ಕೇಳುವಂತೆ ಅಂದಳು:

“ಏನಬೇ ಆಯಿ, ನನ್ನ ಎಮ್ಮಿ ಹಾಲಿನ್ಯಾಗ ಬೂದಿ ಕಲಿಸೇನೇನ? ನಿನ್ನ ಕಣ್ಣ ಹೋಗ್ಯಾವೋ, ನಿನ್ನ ಆಸಿಡ್ ಹೋಗೈತೋ?”

“ನನ್ನ ಕಣ್ಣ ಸುದ್ದಿ ಬಿಡು. ಎಮ್ಮಿಗೆ ಏನ ತಿನಸಾಕತ್ತಿ ಹೇಳು.”

“ಕಬ್ಬಿನ ಸೋಗಿ ತಿನಸತೇನಿ, ಹಿಂಡಿ ತಿನಸತೇನಿ. ಆಸಿಡ್ ಅಂತೂ ತಿನಸಿಲ್ಲ!”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ಸಂಶಯಪಟ್ಟದ್ದು ಹಾಲಿನ ಗಾಡಿಯ ಡ್ರೈವರನ ಮೇಲೆ. ಮುಂಜಾನೆ ಹಾಲು ಒಯ್ಯಲು ಬರುವವನೂ ಅವನೇ, ಆಸಿಡ್ ತಂದುಕೊಡುವವನೂ ಅವನೇ. ಹಾಲಿಗೆ ನೀರು ಹಾಕುವವರಿದ್ದಾರೆ ಅಂದಮೇಲೆ ಆಸಿಡ್‌ಗೂ ಏನಾದರೂ ಹಾಕುವವರು ಇರಬಾರದೇಕೆ?

“ಅಲ್ಲಾನ ಆಣೆ ಆಯಿ,” ಅಂದ ಅವನು. “ಆಫೀಸಿನ ಸ್ಟೋರಿನ್ಯಾಗ ದೊಡ್ಡ ಕ್ಯಾನಿನ್ಯಾಗ ಇರತೈತಿ, ನೀವು ಕೊಟ್ಟ ಡಬ್ಬಿಗೆ ಹಾಕಿ ಕೊಡತಾರ. ಅದಕ ಯಾವನರ ಏನ ಬೆರಸ್ತಾನ? ಮುಟ್ಟಿದ್ರ ಕೈ ಹೋಗತೈತಿ.”

ಅವನನ್ನು ನಂಬಲಿಲ್ಲ. ಆದರೆ ಅವನು ಹೇಳಿದ್ದರಲ್ಲಿ ಒಂದು ಮಾತು ನಿಜವಿತ್ತು: ಡಬ್ಬಿ ನಾವು ಕೊಟ್ಟದ್ದು. ಮೊದಲು ಆಸಿಡ್ ಗಾಜಿನ ಬಾಟಲಿಯಲ್ಲಿ ಬರುತ್ತಿತ್ತು. ಭಾರ, ಹಿಡಿಯಲು ಹಿಡಿಕೆಯಿಲ್ಲ. ಒಮ್ಮೆ ಖಾಲಿ ಬಾಟಲಿ ಮೆಟ್ಟಿಲ ಮೇಲೆ ಬಿದ್ದು ಒಡೆಯಿತು. ಅವತ್ತೇ ಮೀಟಿಂಗಿನಲ್ಲಿ ಎಲ್ಲರೂ ಕೂಡಿ, ಗಾಜು ಬ್ಯಾಡ, ಅಡುಗೆ ಎಣ್ಣೆಯ ಐದು ಲೀಟರಿನ ಡಬ್ಬಿ ಚಲೋ, ಹಿಡಿಕೆ ಇದೆ, ಬಿದ್ದರೂ ಒಡೆಯುವುದಿಲ್ಲ, ಒಳಗೆಷ್ಟಿದೆ ಹೊರಗಿನಿಂದಲೇ ಕಾಣುತ್ತದೆ ಅಂತ ಠರಾವು ಮಾಡಿದೆವು. ಡಬ್ಬಿ ಅಧ್ಯಕ್ಷಿಯ ಮನೆಯದು. ಬಿಸಿನೀರು, ಸೋಪು ಹಾಕಿ ತೊಳೆದು ಒಣಗಿಸಿದವಳು ನಾನೇ. ಈ ಜಾಣತನದಲ್ಲಿ ನನ್ನ ಪಾಲೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಪಾಠಗಳು ಸುರುವಾದವು. ಮಧ್ಯಾಹ್ನ ಡೇರಿ ಬಾಗಿಲು ಹಾಕಿ ಒಬ್ಬಳೇ ಕುಂತು ನೋಡುತ್ತಿದ್ದೆ. ಬಿಳೀ ಕೋಟಿನ ಗಂಡಸೊಬ್ಬ, ಅವನ ಹಿಂದೆ ಫಳಫಳ ಹೊಳೆಯುವ ಖೋಲಿ. ದನಿ ಪುಸ್ತಕ ಓದಿದಂತೆ. “ಪ್ರಯೋಗಾಲಯದಲ್ಲಿ ಸಡಿಲವಾದ ಉಡುಪನ್ನು ಧರಿಸಬಾರದು” ಅಂದ. ಸೀರೆಯ ಸೆರಗನ್ನು ಏನು ಮಾಡಬೇಕು ಅಂತ ಹೇಳಲಿಲ್ಲ. ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ ಅಂದ. ನಮ್ಮ ನಲ್ಲಿಗೆ ನೀರು ಬರುವುದು ದಿನ ಬಿಟ್ಟು ದಿನ. ಇವನು ಎಂದಾದರೂ ಹಾಲಿನ ಡೇರಿ ಮೆಟ್ಟಿಲು ಹತ್ತಿದ್ದಾನೋ ಇಲ್ಲವೋ ಅಂತ ಅನ್ನಿಸಿತು. ಆದರೂ ಅವತ್ತು ಒಂದು ಕೊಡ ನೀರು ತುಂಬಿ ಆಸಿಡ್ ಖೋಲಿಯ ಬಾಗಿಲಲ್ಲಿಟ್ಟೆ. ಯಾರು ಹೇಳಿದರೇನು, ನೀರು ನೀರೇ.

ಮೂರನೇ ದಿನಕ್ಕೆ ನಮ್ಮ ಗಾಡಿ ಹೋಗುವ ಊರುಗಳ ವಾಟ್ಸಾಪ್ ಗ್ರೂಪಿನಲ್ಲಿ ಉತ್ತರ ಬಂದವು. ಒಂದಕ್ಕೆ ಬಿ, ಎರಡಕ್ಕೆ ಎ, ಹೀಗೆ ಎಂಟೂ ಪಾಠದ್ದು. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಪುಕ್ಕಟೆ ಉತ್ತರ ಕೊಡುವ ಪುಣ್ಯಾತ್ಮ ಯಾರು, ಯಾಕೆ ಕೊಡುತ್ತಾನೆ? ನಾನು ಅದನ್ನು ಮುಟ್ಟಲಿಲ್ಲ. ಮೂರನೇ ಪಾಠದಲ್ಲಿ ಎರಡು ಸಲ ಫೇಲಾದೆ. ನಾನು ಅಕ್ಷರ ಕೂಡಿಸುವುದರೊಳಗೆ ಪ್ರಶ್ನೆಯೇ ಮುಚ್ಚಿಹೋಗುತ್ತಿತ್ತು. ಮೂರನೇ ಸಲಕ್ಕೆ ಪ್ರಶ್ನೆಗಳು ಬಾಯಿಪಾಠವಾಗಿದ್ದವು, ಪಾಸಾದೆ.

ಐದನೇ ಪಾಠ ಪ್ಲಾಸ್ಟಿಕ್ಕಿನದು. ಪ್ಲಾಸ್ಟಿಕ್ ಅಂದರೆ ಎಲ್ಲ ಒಂದೇ ಅಲ್ಲ, ಡಬ್ಬಿಯ ತಳದಲ್ಲಿ ಮೂರು ಬಾಣದ ತ್ರಿಕೋನ, ಅದರೊಳಗೆ ಒಂದು ಅಂಕಿ ಇರುತ್ತದೆ, ಅದನ್ನು ನೋಡಿ ಅಂದ. ನೀರಿನ ಬಾಟಲಿ, ಎಣ್ಣೆ ಡಬ್ಬಿ ಬಹಳ ಮಾಡಿ ಒಂದು. ಹಾಲುಬಣ್ಣದ ಗಟ್ಟಿ ಕ್ಯಾನು ಎರಡು. ಆಮೇಲೆ ಒಂದು ಪಟ್ಟಿ ತೋರಿಸಿದ. ನಾವು ಬಳಸುವ ಗಟ್ಟಿ ಸಲ್ಫ್ಯೂರಿಕ್ ಆಸಿಡ್ ಎದುರಿಗೆ ಒಂದನೇ ಅಂಕಿಯ ಮೇಲೆ ಕೆಂಪು ಕಾಟು.

ನಾನು ಪಾಠ ನಿಲ್ಲಿಸಿ ಎದ್ದೆ. ನಮ್ಮ ಡಬ್ಬಿಯ ತಳ ಕಾಣುವುದಿಲ್ಲ. ಆದರೆ ಅಧ್ಯಕ್ಷಿಯ ಮನೆಯಲ್ಲಿ ಅಂಥದ್ದೇ ಇನ್ನೊಂದು ಡಬ್ಬಿ ಇತ್ತು. ಹೋಗಿ ಬೋರಲು ಮಾಡಿ ನೋಡಿದೆ. ಒಂದು.

ವಾಪಸು ಬಂದು ಆಸಿಡ್ ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕುಂತೆ. ಒಳಗೆ ಒಂದೂವರೆ ಲೀಟರಿನಷ್ಟು ಉಳಿದಿತ್ತು, ಚಹಾದ ಬಣ್ಣ. ತಳದ ಅಂಚಿನಲ್ಲಿ ಪ್ಲಾಸ್ಟಿಕ್ ಬೆಳ್ಳಗಾಗಿ, ಒಡೆದ ಹಿಮ್ಮಡಿಯಂತೆ ಸಣ್ಣ ಗೀಟು ಬಿಟ್ಟಿದ್ದವು. ದಿನಾ ನೋಡುವ ಡಬ್ಬಿ. ಕಂಡಿರಲಿಲ್ಲ.

ಹಂಗಂತ ಫೋನು ಹೇಳಿದ್ದೆಲ್ಲ ನಿಜ ಅಂತ ಒಪ್ಪಿಕೊಳ್ಳಬೇಕೇ? ಎರಡು ಗಾಜಿನ ಗ್ಲಾಸು ತೊಳೆದು ಒಣಗಿಸಿದೆ. ಅಧ್ಯಕ್ಷಿಯ ಡಬ್ಬಿಯಿಂದ ಒಂದು ಪಟ್ಟಿ ಕತ್ತರಿಸಿದೆ, ಡೇರಿಯಲ್ಲಿ ಬಿದ್ದಿದ್ದ ಎರಡನೇ ಅಂಕಿಯ ಹಳೇ ಕ್ಯಾನಿನಿಂದ ಇನ್ನೊಂದು. ಎರಡಕ್ಕೂ ಆಸಿಡ್ ಹಾಕಿ, ಗಾಜು ಮುಚ್ಚಿ, ಬೀಗದೊಳಗಿಟ್ಟೆ. ಮೊದಲ ದಿನ ಏನೂ ಇಲ್ಲ. ಫೋನು ಸುಳ್ಳು ಅಂದುಕೊಂಡೆ. ಎರಡನೇ ದಿನ ಎಣ್ಣೆ ಡಬ್ಬಿಯ ಪಟ್ಟಿ ಮಸುಕಾಯಿತು. ನಾಲ್ಕನೇ ದಿನ ಗಾಜಿನ ಕಡ್ಡಿ ತಾಗಿಸಿದೆ, ನೆನೆದ ಹಪ್ಪಳದಂತೆ ಹರಿದು ಬಂತು. ಇನ್ನೊಂದು ಪಟ್ಟಿ ಹಾಕಿದಂತೆಯೇ ಇತ್ತು.

ಕರೀ ಚುಕ್ಕಿ ಡ್ರೈವರನದೂ ಅಲ್ಲ, ಎಮ್ಮೆಯದೂ ಅಲ್ಲ. ಡಬ್ಬಿಯಲ್ಲಿ ಉಳಿದ ಎಣ್ಣೆಯ ಜಿಡ್ಡು ಸುಟ್ಟು, ಡಬ್ಬಿಯೇ ಕರಗಿ ಆಸಿಡ್‌ನಲ್ಲಿ ಸೇರುತ್ತಿತ್ತು. ಪಟ್ಟಿಗೆ ಎರಡೂ ಕಡೆಯಿಂದ ಆಸಿಡ್, ಡಬ್ಬಿಗೆ ಒಳಗಿನಿಂದಷ್ಟೇ, ಅದಕ್ಕೇ ಇನ್ನೂ ನಿಂತಿತ್ತು; ತಳ ಇನ್ನೆಷ್ಟು ದಿನ ನಿಲ್ಲುತ್ತದೋ ಯಾರಿಗೆ ಗೊತ್ತು? ಆ ಖೋಲಿಯಲ್ಲಿ ದಿನಾ ಮುಂಜಾನೆ ಬರಿಗಾಲ ಹೆಂಗಸರು ಸಾಲಾಗಿ ನಿಲ್ಲುತ್ತಿದ್ದರು.

ಅವತ್ತೇ ಉಳಿದ ಪಾಠ ಮುಗಿಸಿ ಕೊನೆಯ ಪ್ರಶ್ನೆಗೆ ಬಂದೆ; ಮರುದಿನವೇ ಗಡುವು. “ನಮ್ಮ ಕೇಂದ್ರದಲ್ಲಿ ಆಸಿಡ್ ಅನ್ನು ಲೇಬಲ್ ಇರುವ ಮೂಲ ಪಾತ್ರೆಯಲ್ಲೇ ಇಡಲಾಗಿದೆ ಎಂದು ಘೋಷಿಸುತ್ತೇನೆ.” ಕೆಳಗೆ ಹೌದು, ಇಲ್ಲ. ಇಲ್ಲ ಒತ್ತಿದೆ. “ದಯವಿಟ್ಟು ಪಾಠವನ್ನು ಮತ್ತೊಮ್ಮೆ ವೀಕ್ಷಿಸಿ” ಅಂದಿತು. ನೋಡಿದೆ. ಮತ್ತೆ ಇಲ್ಲ ಒತ್ತಿದೆ. ಮತ್ತೆ ನೋಡು ಅಂದಿತು. ಮೂರು ಸಲ. ಹೌದು ಅನ್ನುವವರೆಗೆ ಬಿಡುವ ಹಾಗೆ ಕಾಣಲಿಲ್ಲ.

ಆಫೀಸಿನ ಸಾಹೇಬನಿಗೆ ಫೋನ್ ಹಚ್ಚಿದೆ. ನಮ್ಮ ಡೇರಿಗಳನ್ನು ನೋಡಿಕೊಳ್ಳುವವನು ಅವನೇ.

“ಹೌದು ಒತ್ತಿಬಿಡ್ರಿ ಆಯಿ, ಅದು ಸುಮ್ನ ಫಾರ್ಮಾಲಿಟಿ.”

“ಸುಮ್ನ ಇದ್ದದ್ದಕ ನನ್ನ ಫೋಟೋ ಯಾಕ ತಗೊಂಡ್ರಿ?”

“ಎಲ್ಲಾರೂ ಒತ್ತ್ಯಾರ್ರಿ. ನಿಮ್ಮದೊಂದ ಬಾಕಿ ಐತಿ.”

“ನಾಳೆ ಯಾರದರ ಕಾಲ ಸುಟ್ಟ್ರ ನೀವು ಏನ ತೋರಸ್ತೀರಿ? ಈ ಮುದುಕಿ ಹೌದು ಅಂದಾಳ ಅಂತ ಇದನ್ನ ತೋರಸ್ತೀರಿ. ಆಸಿಡ್ ಎಣ್ಣಿ ಡಬ್ಬಿಯಾಗ ಐತ್ರಿ ಸಾಹೇಬ್ರ. ಬಾಟಲಿ ಕಳಸ್ರಿ.”

“ನೋಡೂಣು,” ಅಂದು ಇಟ್ಟ.

ನೋಡೂಣು ಅಂದರೆ ಏನರ್ಥ ಅಂತ ಇಷ್ಟು ವರ್ಷದಲ್ಲಿ ನನಗೆ ಗೊತ್ತಾಗಿದೆ. ಅವತ್ತು ಸಂಜೆಯೇ ಎರಡು ಬುಟ್ಟಿ ಹೊಳೆ ಉಸುಕು ಹೊತ್ತು ತಂದು, ಡಬ್ಬಿಯನ್ನು ಮುಟ್ಟದೆ, ಸುತ್ತ ಒಡ್ಡು ಕಟ್ಟಿದೆ. ಬೀಗ ಹಾಕಿದೆ.

ಮರುದಿನ ಮುಂಜಾನೆ ಜಗಳ ಹತ್ತಿತು. ಆ ಎರಡೆಮ್ಮೆಯಾಕೆಗೆ ಚೀಟಿಯಲ್ಲಿ ಫ್ಯಾಟ್ ಕಡಿಮೆ ಬಂದಿತ್ತು.

“ಆಸಿಡ್ ಹಚ್ಚು.”

“ಇವತ್ತ ಹಚ್ಚೂದಿಲ್ಲ.”

“ಯಾಕ? ನಿನ್ನ ಸುಳ್ಳ ಹೊರಬೀಳತೈತೇನ?”

“ಬೀಳತೈತಿ. ನಿನ್ನ ಕಾಲ ಮ್ಯಾಲ ಬೀಳತೈತಿ.”

ಗಲಾಟೆ ಕೇಳಿ ಅಧ್ಯಕ್ಷಿ ಬಂದಳು. ಸರ್ಟಿಫಿಕೇಟಿಗೆ ಇವತ್ತೇ ಕೊನೆ ದಿನ, ನೀನು ಅದನ್ನೂ ತಗೊಳ್ಳಲಿಲ್ಲ, ಖೋಲಿಗೂ ಬೀಗ ಹಾಕಿದಿ, ಕೀಲಿ ಇಲ್ಲಿ ಕೊಡು ಅಂದಳು. ನಾನು ಖೋಲಿಯ ಬೀಗ ತೆಗೆದು ಕೀಲಿಯನ್ನು ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಎರಡು ಗ್ಲಾಸು ತಂದಿಟ್ಟೆ.

“ತಗೋ. ಆದ್ರ ಮೊದಲ ಈ ಎರಡೂ ನೋಡು. ಇದು ನಿಮ್ಮನಿ ಎಣ್ಣಿ ಡಬ್ಬಿ. ಇದು ಬ್ಯಾರೆ ಕ್ಯಾನು. ನಾಕ ದಿನದಾಗ ಹಿಂಗ ಆಗೈತಿ. ಕೀಲಿ ತಗೊಂಡಾಕಿ ಆ ಡಬ್ಬಿನೂ ತಗೋಬೇಕು.”

ಆಗ ಹಿಂದೆ ನಿಂತಿದ್ದ ಅಧ್ಯಕ್ಷಿಯ ಸೊಸೆ ಮುಂದೆ ಬಂದಳು. ಗ್ಲಾಸಿನಲ್ಲಿ ಹರಿದ ಪಟ್ಟಿ ನೋಡಿದಳು. ಬಾಗಿಲಲ್ಲಿ ನಿಂತು ಒಳಗಿನ ಡಬ್ಬಿ ನೋಡಿದಳು.

“ಅತ್ತಿ, ನನಗ ಕೀಲಿ ಬ್ಯಾಡ. ಆಯಿ ಹೇಳೂದು ಖರೆ ಐತಿ. ಆ ಡಬ್ಬಿ ಎತ್ತಿದ್ರ ತಳ ಅಲ್ಲೇ ಉಳೀತೈತಿ.”

“ನಿನಗ ಗೊತ್ತಿತ್ತೇನ ಇದು?” ಅಂದೆ.

“ಕಾಲೇಜಿನ್ಯಾಗ ಓದೇನ್ರಿ. ಆಸಿಡ್ ಇದರಾಗ ಇಟ್ಟೀರಿ ಅಂತ ಇವತ್ತ ನೋಡಿದ್ನಿ. ಈ ಖೋಲಿಗೆ ನನ್ನ ಯಾರರ ಕರದ್ರೇನು? ನಾ ಬಂದ್ರ ಕೀಲಿಗೆ ಬಂದಾಳ ಅಂತ ನೀವ ಮಾರಿ ತಿರವತಿದ್ರಿ.”

ಅದು ನಿಜ. ಕೆಲಸ ಮುಂದಿತ್ತು.

ಹಳೇ ಗಾಜಿನ ಬಾಟಲಿ ಒಂದು ಅಟ್ಟದ ಮೇಲೆ ಉಳಿದಿತ್ತು. ತೊಳೆದು ಬಿಸಿಲಿಗೆ ಬೋರಲು ಹಾಕಿದೆವು. ಒಂದು ಹನಿ ನೀರೂ ಇರಬಾರದು, ಆಸಿಡ್ ಬಿದ್ದರೆ ಸಿಡಿಯುತ್ತದೆ ಅಂತ ಅವಳು ಅಂದಳು, ನಾನೂ ಅದನ್ನೇ ಅನ್ನುತ್ತಿದ್ದೆ. ಡಬ್ಬಿ ಎತ್ತುವ ಹಾಗಿಲ್ಲ, ಬಗ್ಗಿಸುವ ಹಾಗಿಲ್ಲ. ಆಸಿಡ್ ಅಳೆಯುವ, ರಬ್ಬರ್ ಗುಂಡು ಹಾಕಿದ ಹತ್ತು ಎಮ್ಮೆಲ್ಲಿನ ಗಾಜಿನ ನಳಿಗೆಯಿಂದ ಮೇಲಿನಿಂದ ಎಳೆದು ಬಾಟಲಿಗೆ ಬಿಡಬೇಕು. ನಾನು ಸೆರಗನ್ನು ಬೆನ್ನಿಗೆ ಕಟ್ಟಿಕೊಂಡೆ. ಅವಳು ತನ್ನ ಗಂಡನ ಮೋಟರ್‌ಸೈಕಲ್ ಕನ್ನಡಕ ತಂದು ನನ್ನ ಕಣ್ಣಿಗೆ ಹಾಕಿದಳು. ಕಾಲಿಗೆ ಗದ್ದೆಗೆ ಹಾಕುವ ಬೂಟು.

ನಾನು ಎಳೆಯುವುದು, ಅವಳು ಬಾಟಲಿ ಹಿಡಿದು ಎಣಿಸುವುದು. ಐವತ್ತಕ್ಕೆ ನನ್ನ ಬೆರಳು ಸೋತು ಗುಂಡು ಒತ್ತಲು ಬರಲಿಲ್ಲ. ಅವಳು, “ನಾ ಎಳಿತೇನಿ, ನೀವು ಎಣಸ್ರಿ,” ಅಂದಳು. ಕೊಡಲು ಮನಸ್ಸಿರಲಿಲ್ಲ, ಆದರೂ ಕನ್ನಡಕ, ನಳಿಗೆ ಎರಡೂ ಕೊಟ್ಟೆ. ಅವಳ ಕೈ ನನಗಿಂತ ಸ್ಥಿರವಿತ್ತು. ನೂರಾ ನಲವತ್ತರ ಮೇಲೆ ನಳಿಗೆ ತಳಕ್ಕೆ ಹತ್ತಿತು, ಆಮೇಲೆ ಏನೂ ಬರಲಿಲ್ಲ.

ಎಲ್ಲರನ್ನೂ ಅಂಗಳಕ್ಕೆ ಕಳಿಸಿ, ಉದ್ದನೆಯ ಕೋಲನ್ನು ಹಿಡಿಕೆಗೆ ಸಿಕ್ಕಿಸಿ ದೂರದಿಂದ ಎತ್ತಿದೆ. ಡಬ್ಬಿ ಬಂತು, ತಳ ಬರಲಿಲ್ಲ. ಉಳಿದಿದ್ದ ಗುಟುಕು ಆಸಿಡ್ ಉಸುಕಿನಲ್ಲಿ ಹರಡಿ, ಅದರೊಳಗಿನ ಕಸಕಡ್ಡಿ ಕರ್ರಗಾಗಿ ಹೊಗೆ ಬಂತು. ಎರಡೆಮ್ಮೆಯಾಕೆ ಬಾಗಿಲಿನಿಂದ ಇಣುಕಿ ತನ್ನ ಬರಿಗಾಲು ನೋಡಿಕೊಂಡಳು.

“ಯವ್ವಾ,” ಅಂದಳು.

ಎರಡು ದಿನ ಬಿಟ್ಟು ಸಾಹೇಬ ಹಾಲಿನ ಗಾಡಿಯಲ್ಲೇ ಬಂದ. ಕೈಯಲ್ಲಿ ಸೀಲ್ ಒಡೆಯದ ಗಾಜಿನ ಬಾಟಲಿ, ಲೇಬಲ್ ಇದ್ದದ್ದು. ಇನ್ನೊಂದು ಕೈಯಲ್ಲಿ ನನ್ನ ಸರ್ಟಿಫಿಕೇಟ್. ಹೆಸರು, ಫೋಟೋ, ಕೊನೆಯ ದಿನದ ತಾರೀಕು.

“ನಿಮ್ಮದೊಂದ ಉಳದಿತ್ತು ಅಂತ ನಾನ ಆಫೀಸಿನ್ಯಾಗ ಹೌದು ಒತ್ತಿಬಿಟ್ನಿ ಆಯಿ,” ಅಂದ, ಉಪಕಾರ ಮಾಡಿದವರ ಹಾಗೆ.

“ಈ ತಾರೀಕಿಗೆ ಆಸಿಡ್ ಎಲ್ಲಿತ್ತು ಗೊತ್ತೈತೇನ್ರಿ? ಉಸುಕಿನ್ಯಾಗ ಇತ್ತು.” ತಳವಿಲ್ಲದ ಡಬ್ಬಿ ತಂದು ಅವನ ಮುಂದಿಟ್ಟೆ. “ಇದನ್ನ ಒಯ್ರಿ. ಕಾಗದಾನೂ ಒಯ್ರಿ. ನಾ ಒತ್ತಿದ್ದಲ್ಲ ಅದು.”

ಅವನು ಡಬ್ಬಿಯನ್ನು ಬಗ್ಗಿ ನೋಡಿದ. ಆಮೇಲೆ ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿದ. ಒಳಗೆ ಬಂದು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು, ನನ್ನ ಪ್ರಶ್ನೆಯನ್ನು ಮತ್ತೆ ತೆರೆಸಿದ್ದೇನೆ ಅಂದ. ನಾನು ಬಾಟಲಿಯ ಸೀಲು ನೋಡಿದೆ, ಲೇಬಲನ್ನು ಅಕ್ಷರ ಕೂಡಿಸಿ ಪೂರ್ತಿ ಓದಿದೆ. ಆಮೇಲೆ ಹೌದು ಒತ್ತಿದೆ. ಕೀಲಿ ಮತ್ತೆ ನನ್ನ ಸೊಂಟಕ್ಕೇ ಬಂತು. ಅದರ ಜೋಡಿ ಕೀಲಿಯನ್ನು ಅಧ್ಯಕ್ಷಿಯ ಸೊಸೆಗೆ ಕೊಡಿಸಿದೆ.

ಸಾಹೇಬ ಹೋಗಲು ಎದ್ದಾಗ ಡ್ರೈವರ್ ಬಾಗಿಲಲ್ಲಿ ನಿಂತು ಅಂದ:

“ಆಯಿ, ಇವ್ರ ಮುಂದನ ಹೇಳತೇನಿ. ಈ ಲೈನಿನ್ಯಾಗ ಮತ್ತ ನಾಕೂರಾಗ ಎಣ್ಣಿ ಡಬ್ಬಿನ ಕೊಡತಾರ. ನಿಮ್ಮದನ್ನ ನೋಡಿ ಅವರೂ ಹಂಗ ಮಾಡ್ಯಾರ.”

“ಅವರು ಕೊನೀ ಪ್ರಶ್ನಿಗೆ ಏನ ಒತ್ತ್ಯಾರ?”

ಸಾಹೇಬ ಗಾಡಿಯ ಕಡೆ ನಡೆದ. ಎಲ್ಲರೂ ಒತ್ತಿದ್ದಾರೆ ಅಂತ ಫೋನಿನಲ್ಲಿ ಅವನೇ ಅಂದಿದ್ದ.

ಮರುದಿನ ಹಾಲಿನ ಗಾಡಿಯ ಮುಂದಿನ ಸೀಟಿನಲ್ಲಿ ನಾನು ಕುಂತೆ. ಹಿಂದೆ ಕ್ಯಾನುಗಳ ನಡುವೆ ಒಂದು ಚೀಲ ಉಸುಕು, ಕೋಲು, ಸಾಹೇಬ ಗಾಡಿಯಲ್ಲಿ ಕಳಿಸಿದ ನಾಲ್ಕು ಒಣ ಗಾಜಿನ ಬಾಟಲಿ. ಮೊದಲ ಊರಿನ ಡೇರಿಯಲ್ಲಿ ನನ್ನ ವಯಸ್ಸಿನವಳೇ ಒಬ್ಬಳು ಹಾಲು ಅಳೆಯುತ್ತಿದ್ದಳು. ತರಬೇತಿ ಸುದ್ದಿ ತೆಗೆದದ್ದೇ ತಡ, ನಕ್ಕು ಗೋಡೆ ತೋರಿಸಿದಳು.

“ನಂದು ಮೊದಲನೇ ವಾರದಾಗ ಪಾಸ್ ಆತಬೇ. ಕಟ್ಟ ಹಾಕಿಸೇನಿ ನೋಡು.”

ಗಾಜಿನ ಕಟ್ಟಿನಲ್ಲಿ ಅವಳ ಫೋಟೋ, ಹೆಸರು, ದೊಡ್ಡ ಅಕ್ಷರದ ಸರ್ಟಿಫಿಕೇಟ್. ಅದರ ಕೆಳಗೆ ಕಿಟಕಿಯ ಬೆಳಕಿನಲ್ಲಿ ಎಣ್ಣೆ ಡಬ್ಬಿ, ಚಹಾದ ಬಣ್ಣ, ತಳದಲ್ಲಿ ಬೆಳ್ಳಗೆ. ಅದನ್ನು ನನಗೆ ಸರಿಯಾಗಿ ತೋರಿಸಬೇಕು ಅಂತ ಅವಳು ಹಿಡಿಕೆಗೆ ಕೈ ಹಾಕಿದಳು.

“ಎತ್ತಬ್ಯಾಡ,” ಅಂದೆ. “ಮೊದಲ ಮಂದೀನ ಹೊರಗ ಕಳಸು.”